ಮಾಸ್ ಸ್ಪೆಕ್ಟ್ರೋಮೀಟರ್ 272 ಎಂದು ತೋರಿಸಿದರೆ ಅದು ಎಂಡೋಸಲ್ಫಾನೇ ಎಂದು ಹೇಗೆ ಹೇಳುವುದು?

ನೀರ್ಚಾಲು ಟೀಚರ್

ಹೈಯರ್ ಸೆಕೆಂಡರಿ ಮಕ್ಕಳಿಗೆ ಮಾಸ್ ಸ್ಪೆಕ್ಟ್ರೋಮೆಟ್ರಿ ವಿವರಿಸಬೇಕಾಗಿದೆ. ಪುಸ್ತಕಗಳಲ್ಲಿ ಸಿಗುವುದು ನಿಯಾನ್ ಉದಾಹರಣೆ: 1913ರಲ್ಲಿ ಥಾಮ್ಸನ್ ಪ್ರಕಟಿಸಿದ 20 ಮತ್ತು 22ರ ಎರಡು ಗೆರೆಗಳು, 1919ರಲ್ಲಿ ಆಸ್ಟನ್ ಕಟ್ಟಿದ ಉಪಕರಣ. ಅದನ್ನು ಹೇಳುತ್ತೇನೆ. ಆದರೆ ಕಾಸರಗೋಡಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಇಷ್ಟು ಅವರಿಗೆ ಗೊತ್ತು. ಮಣ್ಣಿನಲ್ಲೋ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಾವಿ) ನೀರಿನಲ್ಲೋ ಅದು ಇದೆ ಅಥವಾ ಇಲ್ಲ ಎಂದು ಯಂತ್ರ ಹೇಗೆ ಹೇಳುತ್ತದೆ ಎಂಬುದು ಗೊತ್ತಿಲ್ಲ.

ನನ್ನ ಪ್ರಶ್ನೆ ಎರಡು. ಒಳಗೆ ನಡೆಯುವುದೇನು? ವರದಿಗಳಲ್ಲಿ ಎಂಡೋಸಲ್ಫಾನ್ ಸಲ್ಫೇಟಿಗೆ (ಎಂಡೋಸಲ್ಫಾನ್ ಮಣ್ಣಿನಲ್ಲಿ ಬದಲಾಗಿ ಆಗುವ ಪದಾರ್ಥ) 272 ಎಂಬ ಸಂಖ್ಯೆ ಇರುತ್ತದೆ, ಅಣುವಿನ ತೂಕವಾದರೋ 420ರ ಮೇಲೆ. ಈ 272 ಎಲ್ಲಿಂದ ಬಂತು?

ಉಪ್ಪಳ ಕ್ವಾಡ್ರುಪೋಲ್

ಟೀಚರೇ, ಮೊದಲ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ.

ಯಂತ್ರ ಮಾಡುವ ಕೆಲಸ ಮೂರು. ಅಣುವಿಗೆ ಚಾರ್ಜ್ ಕೊಡುವುದು, ತೂಕದ ಪ್ರಕಾರ ಬೇರ್ಪಡಿಸುವುದು, ಎಣಿಸುವುದು. ಚಾರ್ಜ್ ಇಲ್ಲದ ಅಣುವನ್ನು ವಿದ್ಯುತ್ ಕ್ಷೇತ್ರದಿಂದ ಎಳೆಯಲಿಕ್ಕೂ ಆಗದು, ತಿರುಗಿಸಲಿಕ್ಕೂ ಆಗದು. ಅದಕ್ಕೇ ಅಯಾನು ಬೇಕು. ಯಂತ್ರ ಅಳೆಯುವುದು ಬರಿಯ ತೂಕವನ್ನಲ್ಲ, ತೂಕವನ್ನು ಚಾರ್ಜಿನಿಂದ ಭಾಗಿಸಿದ್ದನ್ನು. ಅದನ್ನೇ ಎಂ/ಝಡ್ ಎನ್ನುವುದು. ಜಿಸಿ-ಎಂಎಸ್‌ನಲ್ಲಿ (ಗ್ಯಾಸ್ ಕ್ರೊಮ್ಯಾಟೋಗ್ರಾಫಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರ) ಹೆಚ್ಚಾಗಿ ಚಾರ್ಜ್ 1 ಇರುವುದರಿಂದ ಎಂ/ಝಡ್ ಅನ್ನೇ ತೂಕ ಎಂದು ಓದಿದರೂ ನಡೆಯುತ್ತದೆ.

ಕೀಟನಾಶಕದ ಕೆಲಸಕ್ಕೆ ಸಾಮಾನ್ಯ ಜೋಡಣೆ ಹೀಗಿರುತ್ತದೆ. ಮಾದರಿಯಿಂದ ದ್ರಾವಕಕ್ಕೆ ಇಳಿಸಿಕೊಂಡ ಸಾರದ 1 ಮೈಕ್ರೋಲೀಟರ್ ಅನ್ನು 250 ಡಿಗ್ರಿಯ ಇಂಜೆಕ್ಟರಿಗೆ ಹಾಕುತ್ತೇವೆ. ಅದು ಆವಿಯಾಗಿ, ಹೀಲಿಯಂ ಜೊತೆ ನಿಮಿಷಕ್ಕೆ ಸುಮಾರು 1 ಮಿ.ಲೀ. ವೇಗದಲ್ಲಿ 30 ಮೀಟರ್ ಉದ್ದ, 0.25 ಮಿ.ಮೀ. ಒಳವ್ಯಾಸದ ಕೊಳವೆಯೊಳಗೆ ಹೋಗುತ್ತದೆ. ಇದೇ ಕಾಲಂ. ಬೇರೆಬೇರೆ ಪದಾರ್ಥಗಳು ಬೇರೆಬೇರೆ ಹೊತ್ತಿಗೆ ಇದರಿಂದ ಹೊರಬಿದ್ದು ಒಂದೊಂದಾಗಿ ಅಯಾನು ಮೂಲಕ್ಕೆ ಬರುತ್ತವೆ. ಅಲ್ಲಿ ಕಾದ ಫಿಲಮೆಂಟಿನಿಂದ ಹೊರಟ ಇಲೆಕ್ಟ್ರಾನುಗಳು 70 ಇಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಅಣುವಿಗೆ ಬಡಿಯುತ್ತವೆ. ಸಾವಯವ ಅಣುವಿನಿಂದ ಒಂದು ಇಲೆಕ್ಟ್ರಾನ್ ಕಿತ್ತುಹಾಕಲು 8ರಿಂದ 11 ಸಾಕು. ಹೆಚ್ಚಾದ ಶಕ್ತಿ ಒಳಗೇ ಉಳಿದು ಅಣುವನ್ನು ಒಡೆಯುತ್ತದೆ. ಒಡೆಯುವುದು ಎಲ್ಲೆಂದರಲ್ಲಿ ಅಲ್ಲ, ದುರ್ಬಲ ಬಂಧಗಳಲ್ಲಿ, ಮತ್ತು ಸ್ಥಿರವಾದ ತುಣುಕು ಸಿಗುವ ಕಡೆ. 70 ಎಂಬ ಸಂಖ್ಯೆಯನ್ನು ಎಲ್ಲರೂ ಹಿಡಿದುಕೊಂಡ ಕಾರಣದಿಂದ ಜಪಾನಿನಲ್ಲಿ ತೆಗೆದ ಸ್ಪೆಕ್ಟ್ರಮ್ಮನ್ನು (ಯಾವ ಎಂ/ಝಡ್ ಎಷ್ಟಿದೆ ಎಂದು ಗೆರೆಗಳ ಎತ್ತರದಲ್ಲಿ ತೋರಿಸುವ ಚಿತ್ರ) ಇಲ್ಲಿ ಕಾಸರಗೋಡಿನಲ್ಲಿ ತೆಗೆದದ್ದಕ್ಕೆ ಹೋಲಿಸಬಹುದು.

ಆಮೇಲೆ ಕ್ವಾಡ್ರುಪೋಲ್, ಅಂದರೆ ಸಮಾನಾಂತರವಾಗಿ ಕೂರಿಸಿದ ನಾಲ್ಕು ಸರಳುಗಳು. ಎದುರುಬದುರು ಸರಳುಗಳಿಗೆ ಡಿಸಿ ಮತ್ತು ರೇಡಿಯೋ ಆವರ್ತನದ ವೋಲ್ಟೇಜ್ ಒಟ್ಟಿಗೆ ಕೊಡುತ್ತೇವೆ. ಒಂದು ನಿರ್ದಿಷ್ಟ ಎಂ/ಝಡ್ ಇರುವ ಅಯಾನು ಮಾತ್ರ ಓಲಾಡುತ್ತ ಆಚೆ ದಾಟುತ್ತದೆ, ಉಳಿದವು ಸರಳಿಗೆ ಬಡಿದು ಮುಗಿಯುತ್ತವೆ. ವೋಲ್ಟೇಜ್ ಏರಿಸುತ್ತ ಹೋದರೆ 50, 51, 52 ಎಂದು ಸರದಿಯ ಪ್ರಕಾರ ದಾಟುತ್ತವೆ. ವೋಲ್ಫ್‌ಗಾಂಗ್ ಪೌಲ್ ಅವರಿಗೆ 1989ರ ನೊಬೆಲ್ ಬಂದದ್ದು ಇಂಥ ಕ್ಷೇತ್ರಗಳಲ್ಲಿ ಅಯಾನನ್ನು ಹಿಡಿದಿಡುವ ಕೆಲಸಕ್ಕೆ. ದಾಟಿದ ಅಯಾನು ಇಲೆಕ್ಟ್ರಾನ್ ಮಲ್ಟಿಪ್ಲೈಯರಿಗೆ ಬಡಿದಾಗ ಒಂದು ಅಯಾನಿಗೆ ಲಕ್ಷಗಟ್ಟಲೆ ಇಲೆಕ್ಟ್ರಾನುಗಳ ಧಾರೆ ಹೊರಡುತ್ತದೆ. ಅದನ್ನು ಅಳೆಯುವುದು ಸುಲಭ.

ಇದಿಷ್ಟೂ ನಿರ್ವಾತದಲ್ಲೇ ಏಕೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಸಾಮಾನ್ಯ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಬಡಿಯದೆ ಸಾಗುವ ದೂರ 70 ನ್ಯಾನೋಮೀಟರಿಗಿಂತ ಕಡಿಮೆ. ಒತ್ತಡವನ್ನು ಟಾರ್‌ನ ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಅದೇ ದೂರ ಸುಮಾರು 5 ಮೀಟರ್. ಸರಳುಗಳ ಉದ್ದ ಒಂದು ಗೇಣಿನ ಆಸುಪಾಸು. ಅಯಾನು ದಾರಿಯಲ್ಲಿ ಯಾರಿಗೂ ಡಿಕ್ಕಿ ಹೊಡೆಯದೆ ತಲುಪಬೇಕಾದರೆ ಇಷ್ಟು ನಿರ್ವಾತ ಬೇಕೇ ಬೇಕು.

ಪೆರ್ಲ ಮುರಕಲ್ಲು

272ರ ಲೆಕ್ಕ ನಾನು ಹೇಳುತ್ತೇನೆ. ಹಲಗೆಯ ಮೇಲೆ ಮಾಡಿ ತೋರಿಸಬಹುದಾದ ಲೆಕ್ಕವೇ.

ಎಂಡೋಸಲ್ಫಾನ್ ಸಲ್ಫೇಟಿನಲ್ಲಿ 9 ಕಾರ್ಬನ್, 6 ಹೈಡ್ರೋಜನ್, 6 ಕ್ಲೋರಿನ್, 4 ಆಮ್ಲಜನಕ, 1 ಗಂಧಕ. ಎಲ್ಲ ಕ್ಲೋರಿನ್ನೂ 35 ಎಂದು ಹಿಡಿದರೆ 108+6+210+64+32, ಒಟ್ಟು 420. ಆದರೆ ಕ್ಲೋರಿನ್ನಿಗೆ ಎರಡು ಐಸೋಟೋಪುಗಳಿವೆ: 35 ಸುಮಾರು ಶೇ. 75.8, 37 ಸುಮಾರು ಶೇ. 24.2. ಆರು ಕ್ಲೋರಿನ್ ಇರುವಾಗ ಆರೂ 35 ಆಗಿರುವ ಸಾಧ್ಯತೆಗಿಂತ ಐದು 35, ಒಂದು 37 ಆಗಿರುವ ಸಾಧ್ಯತೆಯೇ ಹೆಚ್ಚು. ಮಕ್ಕಳು ದ್ವಿಪದ ವಿಸ್ತರಣೆ ಕಲಿತಿರುತ್ತಾರೆ, ಅದನ್ನೇ ಇಲ್ಲಿ ಹಾಕಿಸಿ. ಉತ್ತರ 52 : 100 : 80 : 34 ಎಂದು ಬರುತ್ತದೆ. ಎಂದರೆ 420ಕ್ಕಿಂತ 422 ಎತ್ತರ. ವರದಿಗಳಲ್ಲಿ 422 ಎಂದು ಕಾಣುವುದು ಇದಕ್ಕೇ.

ಈ ಅಣುವಿನ ಒಂದು ಪಕ್ಕ ಹೆಕ್ಸಾಕ್ಲೋರೋಸೈಕ್ಲೋಪೆಂಟಾಡೈಯೀನ್. ಡೀಲ್ಸ್-ಆಲ್ಡರ್ ಕ್ರಿಯೆಯಿಂದ (ಎರಡು ಅಣುಗಳು ಸೇರಿ ಉಂಗುರವಾಗುವ ಕ್ರಿಯೆ) ಕಟ್ಟಿದ ಅಣು ಇದು. 70 ಇಲೆಕ್ಟ್ರಾನ್ ವೋಲ್ಟಿನ ಪೆಟ್ಟು ಬಿದ್ದಾಗ ಕಟ್ಟಿದ ದಾರಿಯಲ್ಲೇ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿ ಬಂದ ತುಣುಕಿನಲ್ಲಿ 5 ಕಾರ್ಬನ್, 6 ಕ್ಲೋರಿನ್: 60+210=270. ಆರು ಕ್ಲೋರಿನ್ ಇರುವುದರಿಂದ ಇಲ್ಲೂ ಎರಡು ಹೆಚ್ಚಿನದೇ ಎತ್ತರ. ಅದೇ ನಿಮ್ಮ 272. ಪಕ್ಕದ 274 ಇದರ ಶೇ. 80ರ ಹತ್ತಿರ ನಿಲ್ಲಬೇಕು.

ಇನ್ನೂ ಎರಡು ಇದೇ ರೀತಿ ಬಿಡಿಸಬಹುದು. 420ರಿಂದ ಒಂದು ಕ್ಲೋರಿನ್ ಹೋದರೆ 385, ಐದು ಕ್ಲೋರಿನ್ ಉಳಿದಾಗಲೂ ಎರಡು ಹೆಚ್ಚಿನದೇ ಎತ್ತರ, ಆದ್ದರಿಂದ 387. 270ರಿಂದ ಒಂದು ಕ್ಲೋರಿನ್ ಹೋದರೆ 235, ಎತ್ತರದ್ದು 237. ಸ್ಪೆಕ್ಟ್ರಮ್ಮಿನಲ್ಲಿ ಈ ನಾಲ್ಕೂ ಗುಂಪುಗಳನ್ನು ಬೆರಳಿಟ್ಟು ತೋರಿಸಿದರೆ ಮಕ್ಕಳಿಗೆ ಅಣುವೇ ಕಂಡ ಹಾಗಾಗುತ್ತದೆ.

ಮಂಜೇಶ್ವರ ಎಂಎಸ್ಸಿ

ಪೆರ್ಲದ ಅಣ್ಣ, ಲೆಕ್ಕ ಚೆನ್ನಾಗಿದೆ. ಹಾಗಾದರೆ ಸಾಫ್ಟ್‌ವೇರಿನ ಲೈಬ್ರರಿ (ಗೊತ್ತಿರುವ ಸ್ಪೆಕ್ಟ್ರಮ್ಮುಗಳ ಸಂಗ್ರಹ) ಹೋಲಿಕೆ ಶೇ. 92 ಬಂದು, 272 ಮತ್ತು 274 ಸರಿಯಾದ ಅನುಪಾತದಲ್ಲಿದ್ದರೆ ದೃಢಪಟ್ಟಿತು ಎನ್ನಬಹುದಲ್ಲವೇ? ನಮಗೆ ಪ್ರಾಕ್ಟಿಕಲ್‌ನಲ್ಲಿ ಹೇಳಿಕೊಟ್ಟದ್ದು ಹಾಗೆಯೇ.

ಪೆರ್ಲ ಮುರಕಲ್ಲು

ಇಲ್ಲ, ಎನ್ನಲಾಗದು. ಹೆಚ್ಚಿನ ತಪ್ಪು ವರದಿಗಳು ಹುಟ್ಟುವುದೇ ಇಲ್ಲಿಂದ.

ಹೆಪ್ಟಾಕ್ಲೋರ್ ಎಂಬ ಇನ್ನೊಂದು ಹಳೆಯ ಕೀಟನಾಶಕವನ್ನು ತೆಗೆದುಕೊಳ್ಳಿ. ಅದೂ ಹೆಕ್ಸಾಕ್ಲೋರೋಸೈಕ್ಲೋಪೆಂಟಾಡೈಯೀನಿನಿಂದಲೇ ಮಾಡಿದ್ದು, ಅದೂ ಹಿಂದಕ್ಕೆ ಬಿಚ್ಚಿಕೊಂಡು ಇದೇ 272, 274 ಕೊಡುತ್ತದೆ, ಇದೇ ಅನುಪಾತದಲ್ಲಿ. ಕ್ಲೋರಿನ್ ಅನುಪಾತ ಹೇಳುವುದು ತುಣುಕಿನಲ್ಲಿ ಆರು ಕ್ಲೋರಿನ್ ಇದೆ ಎಂದಷ್ಟೇ. ಆ ತುಣುಕು ಯಾವ ಮನೆಯಿಂದ ಬಂತೆಂದು ಅದು ಹೇಳುವುದಿಲ್ಲ.

ಟ್ರಿಪಲ್ ಕ್ವಾಡ್ ಇದ್ದರೆ ತೀರುತ್ತದೆ ಎಂದು ಕೆಲವರು ಹೇಳುವುದುಂಟು. ಅಲ್ಲಿ ಮೊದಲ ಕ್ವಾಡ್ರುಪೋಲ್ 272ನ್ನು ಮಾತ್ರ ಆರಿಸುತ್ತದೆ, ನಡುವಿನ ಕೋಶದಲ್ಲಿ ಅದು ಅನಿಲಕ್ಕೆ ಡಿಕ್ಕಿ ಹೊಡೆದು ಒಡೆಯುತ್ತದೆ, ಮೂರನೆಯದು ಒಡೆದ ತುಣುಕನ್ನು ಅಳೆಯುತ್ತದೆ. 272 ಒಡೆದರೆ 237 ಮತ್ತು 235. ಆರಿಸಿದ ಅಯಾನಿನಲ್ಲಿ ಐದು 35, ಒಂದು 37 ಇರುವುದರಿಂದ, 35 ಕಳೆದುಕೊಂಡು 237 ಆಗುವುದು ಐದು ಪಾಲು, 37 ಕಳೆದುಕೊಂಡು 235 ಆಗುವುದು ಒಂದು ಪಾಲು. ಹಿನ್ನೆಲೆಯ ಗದ್ದಲ ಇದರಿಂದ ಬಹಳ ಕಡಿಮೆಯಾಗುತ್ತದೆ, ನಿಜ. ಆದರೆ ಹೆಪ್ಟಾಕ್ಲೋರಿನ 272 ಸಹ ಅದೇ ಅಯಾನು, ಅದೂ ಅದೇ 5 : 1 ಕೊಡುತ್ತದೆ.

ಬೇರ್ಪಡಿಸುವುದು ಎರಡು ಸಂಗತಿಗಳು. ಒಂದು, ಕಾಲಮಿನಿಂದ ಹೊರಬರುವ ಹೊತ್ತು. ಶೇ. 5 ಫಿನೈಲ್ ಇರುವ ಸಾಮಾನ್ಯ ಕಾಲಮಿನಲ್ಲಿ ಹೆಪ್ಟಾಕ್ಲೋರ್ ಮೊದಲೇ ಬಂದುಹೋಗುತ್ತದೆ, ಆಲ್ಡ್ರಿನ್ ಆಮೇಲೆ, ಮತ್ತೆ ಆಲ್ಫಾ ಎಂಡೋಸಲ್ಫಾನ್, ಡೀಲ್ಡ್ರಿನ್, ಬೀಟಾ ಎಂಡೋಸಲ್ಫಾನ್, ಅದರ ನಂತರ ಸಲ್ಫೇಟ್. ಆಲ್ಫಾ, ಬೀಟಾ ಎಂದರೆ ಎಂಡೋಸಲ್ಫಾನಿನದೇ ಎರಡು ರೂಪಗಳು. ಎರಡು, ಆ ಅಣುವಿಗೆ ಮಾತ್ರ ಸೇರಿದ ಇನ್ನೊಂದು ಅಯಾನು. ಸಲ್ಫೇಟಿಗೆ 387 ಮತ್ತು 422, ಹೆಪ್ಟಾಕ್ಲೋರಿಗೆ 100 ಮತ್ತು 337. 422 ಎಷ್ಟೇ ಗಿಡ್ಡ ಇದ್ದರೂ ಅದನ್ನು ಹುಡುಕಿ ನೋಡಬೇಕು, ಅದರಲ್ಲಿ ಇಡೀ ಅಣು ಇದೆ.

ಲೈಬ್ರರಿಯ ಶೇ. 92 ಎಂದರೆ 92 ಪಾಲು ಇದೇ ಪದಾರ್ಥ ಎಂಬ ಸಂಭವನೀಯತೆಯಲ್ಲ. ಎರಡು ಚಿತ್ರಗಳು ಎಷ್ಟು ಹೋಲುತ್ತವೆ ಎಂಬ ಅಂಕ ಅಷ್ಟೇ. ಒಂದೇ ಕುಟುಂಬದ ಅಣುಗಳು ಒಂದನ್ನೊಂದು ಹೋಲುತ್ತವೆ. ಆಲ್ಫಾ ಮತ್ತು ಬೀಟಾ ಎಂಡೋಸಲ್ಫಾನಿನ ಸ್ಪೆಕ್ಟ್ರಮ್‌ಗಳು ಎಷ್ಟು ಹತ್ತಿರವೆಂದರೆ ಲೈಬ್ರರಿ ಒಂದಕ್ಕೆ ಇನ್ನೊಂದರ ಹೆಸರು ಹಾಕಿಬಿಡುತ್ತದೆ.

ಉಪ್ಪಳ ಕ್ವಾಡ್ರುಪೋಲ್

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆಲ್ಫಾ, ಬೀಟಾಗಳಿಗೆ ಈ 70 ಇಲೆಕ್ಟ್ರಾನ್ ವೋಲ್ಟಿನ ವಿಧಾನ ಸ್ವಲ್ಪ ಒರಟು. ಅಣು ಅಷ್ಟೂ ಪುಡಿಯಾಗಿ 195, 241, 339 ಇತ್ಯಾದಿಗಳಲ್ಲಿ ಹರಡಿಹೋಗುತ್ತದೆ, ಇಡೀ ಅಣುವಿನ ಅಯಾನು ಕಾಣುವುದೇ ಕಷ್ಟ. ಮೀಥೇನ್ ಅನಿಲ ಬಿಟ್ಟು ಋಣ ಅಯಾನುಗಳನ್ನು ನೋಡುವ ರಾಸಾಯನಿಕ ಅಯಾನೀಕರಣ ಇದೆಯಲ್ಲ, ಅದರಲ್ಲಿ ನಿಧಾನವಾದ ಇಲೆಕ್ಟ್ರಾನುಗಳನ್ನು ಕ್ಲೋರಿನ್ ತುಂಬಿದ ಅಣು ತಾನೇ ಹಿಡಿದುಕೊಳ್ಳುತ್ತದೆ. ಆಗ 406 ಗಟ್ಟಿಯಾಗಿ ನಿಲ್ಲುತ್ತದೆ. 404ರ ಆರು ಕ್ಲೋರಿನ್ ಗುಂಪಿನಲ್ಲಿ ಎತ್ತರದ್ದು ಅದೇ. ಎಣ್ಣೆ, ಮೇಣ, ಸಕ್ಕರೆಗಳು ಇಲೆಕ್ಟ್ರಾನ್ ಹಿಡಿಯುವುದಿಲ್ಲ, ಹಿನ್ನೆಲೆ ತಿಳಿಯಾಗಿರುತ್ತದೆ. ರಕ್ತ, ಹಾಲಿನಂಥ ಕಷ್ಟದ ಮಾದರಿಗಳಲ್ಲಿ ತೀರಾ ಕಡಿಮೆ ಪ್ರಮಾಣ ನೋಡಬೇಕಾದಾಗ ನಾನು ಇದನ್ನೇ ಆರಿಸುತ್ತೇನೆ. ತೊಂದರೆಯೂ ಇದೆ: ಮೂಲದ ಉಷ್ಣತೆ, ಮೀಥೇನಿನ ಒತ್ತಡ ಸ್ವಲ್ಪ ಬದಲಾದರೂ ಅಯಾನುಗಳ ಅನುಪಾತ ಬದಲಾಗುತ್ತದೆ. ಆದ್ದರಿಂದ ಜಗತ್ತಿನ ಲೈಬ್ರರಿ ಇದಕ್ಕೆ ನೆರವಾಗುವುದಿಲ್ಲ. ಸ್ಟ್ಯಾಂಡರ್ಡನ್ನು (ಪ್ರಮಾಣ ಗೊತ್ತಿರುವ ಶುದ್ಧ ಪದಾರ್ಥದ ದ್ರಾವಣ) ಅದೇ ದಿನ, ಅದೇ ಯಂತ್ರದಲ್ಲಿ ಓಡಿಸಿಯೇ ಹೋಲಿಸಬೇಕು.

ಬೋವಿಕ್ಕಾನ ಬಾವಿನೀರು

ನೀವೆಲ್ಲ ಯಂತ್ರದ ಒಳಗೆ ಇದ್ದೀರಿ. ಯಂತ್ರಕ್ಕೆ ಹೋಗುವ ಮೊದಲೇ ಹಾಳಾಗುವ ಮಾದರಿಗಳು ಹೆಚ್ಚು. ನೀರು, ಮಣ್ಣು, ಎಲೆ ಮೂರಕ್ಕೂ ದಾರಿ ಬೇರೆ.

ಸುರಂಗದ ಅಥವಾ ಬಾವಿಯ ನೀರನ್ನು ಪ್ಲಾಸ್ಟಿಕ್ ಬಾಟ್ಲಿಯಲ್ಲಿ ತರಬಾರದು. ಎಂಡೋಸಲ್ಫಾನ್ ನೀರಿನಲ್ಲಿರಲು ಒಲ್ಲದೆ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಕಂದು ಗಾಜಿನ 1 ಲೀಟರ್ ಬಾಟ್ಲಿ, ಮುಚ್ಚಳಕ್ಕೆ ಟೆಫ್ಲಾನ್ ಒಳಪದರ, 4 ಡಿಗ್ರಿಯಲ್ಲಿ ಇಟ್ಟು 7 ದಿನದೊಳಗೆ ಸಾರ ತೆಗೆಯಬೇಕು. ನೀರು ಕ್ಷಾರೀಯವಾದರೆ ಎಂಡೋಸಲ್ಫಾನ್ ಬೇಗ ಒಡೆದು ಡಯೋಲ್ ಎಂಬ ಬೇರೆ ಪದಾರ್ಥ ಆಗುತ್ತದೆ. ಮುರಕಲ್ಲಿನ ನೀರು ಸಾಮಾನ್ಯವಾಗಿ ಆಮ್ಲೀಯ, ಅಷ್ಟು ಭಯವಿಲ್ಲ. ಆದರೆ ಬಾವಿಗೆ ಸುಣ್ಣ ಹಾಕಿದ್ದಾರೋ ಎಂದು ಕೇಳಿಕೊಳ್ಳಬೇಕು. ಸುಣ್ಣ ಹಾಕಿದ ಬಾವಿಯಲ್ಲಿ ಮೂಲ ಪದಾರ್ಥ ಕಾಣದಿದ್ದರೆ ಡಯೋಲನ್ನೂ ಹುಡುಕಬೇಕು.

1 ಲೀಟರ್ ನೀರನ್ನು ಬೇರ್ಪಡಿಕೆ ಫನಲಿಗೆ ಸುರಿದು 60 ಮಿ.ಲೀ. ಡೈಕ್ಲೋರೋಮೀಥೇನಿನಿಂದ ಮೂರು ಸಲ ಅಲುಗಾಡಿಸಿ, ಕೆಳಗಿನ ಪದರವನ್ನು ಒಟ್ಟುಮಾಡಿ, ಸೋಡಿಯಂ ಸಲ್ಫೇಟಿನ ಮೂಲಕ ಹಾಯಿಸಿ, 1 ಮಿ.ಲೀ.ಗೆ ಇಳಿಸಬೇಕು. ಎಂದರೆ ಸಾವಿರ ಪಟ್ಟು ಸಾಂದ್ರ. ನೀರಿನಲ್ಲಿ ಲೀಟರಿಗೆ 0.01 ಮೈಕ್ರೋಗ್ರಾಂ ಇದ್ದರೆ, ಹಾಕಿದ 1 ಮೈಕ್ರೋಲೀಟರಿನಲ್ಲಿ 10 ಪಿಕೋಗ್ರಾಂ. ಈ ಪ್ರಮಾಣ ಯಂತ್ರಕ್ಕೆ ದಕ್ಕುತ್ತದೆ. ಇಳಿಸುವಾಗ ಸಾರಜನಕ ಜೋರಾಗಿ ಬಿಟ್ಟು ಪೂರ್ತಿ ಒಣಗಿಸಿದರೆ ಆಲ್ಫಾ ಹಾರಿಹೋಗುತ್ತದೆ. ಕೊನೆಗೆ ಕೆಲವು ಹನಿ ಐಸೋಆಕ್ಟೇನ್ ಉಳಿಯುವ ಹಾಗೆ ನೋಡಿಕೊಳ್ಳಬೇಕು.

ಮಣ್ಣಿನಲ್ಲಿ ಇಷ್ಟು ವರ್ಷಗಳ ನಂತರ ಹುಡುಕಬೇಕಾದದ್ದು ಮುಖ್ಯವಾಗಿ ಸಲ್ಫೇಟನ್ನು. ಮಾರಾಟದ ಎಂಡೋಸಲ್ಫಾನಿನಲ್ಲಿ ಆಲ್ಫಾ ಮತ್ತು ಬೀಟಾ ಸುಮಾರು 7 : 3 ಇರುತ್ತಿದ್ದವು. ಮಣ್ಣಿನ ಸೂಕ್ಷ್ಮಜೀವಿಗಳು ಅವನ್ನು ಉತ್ಕರ್ಷಿಸಿ ಸಲ್ಫೇಟ್ ಮಾಡುತ್ತವೆ, ಅದು ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆಲ್ಫಾ, ಬೀಟಾ ಮಾತ್ರ ನೋಡಿ ‘ಇಲ್ಲ’ ಎಂದು ಬರೆದ ವರದಿ ಅರ್ಧ ವರದಿ. ಮೂರನ್ನೂ ಕೂಡಿಸಿಯೇ ಎಂಡೋಸಲ್ಫಾನ್ ಎಂದು ಲೆಕ್ಕ ಹಾಕುವುದು ಕ್ರಮ.

ತೋಡಿನ ಕೆಸರಿನಲ್ಲಿ ಧಾತು ರೂಪದ ಗಂಧಕವೂ ಜೊತೆಗೆ ಬರುತ್ತದೆ. ಸ್ಪೆಕ್ಟ್ರಮ್ಮಿನಲ್ಲಿ 64, 96, 128, 160, 192, 256 ಎಂದು 32ರ ಮಗ್ಗಿಯ ಹಾಗೆ ಪೀಕುಗಳು (ಎತ್ತರದ ಗೆರೆಗಳು) ಸಾಲಾಗಿ ನಿಂತರೆ ಅದು ಗಂಧಕ. ಸಾರಕ್ಕೆ ಆಮ್ಲದಲ್ಲಿ ತೊಳೆದು ಹೊಳಪು ಬರಿಸಿದ ತಾಮ್ರದ ಪುಡಿ ಹಾಕಿ ಅಲುಗಾಡಿಸಿದರೆ ತಾಮ್ರ ಕಪ್ಪಾಗುತ್ತದೆ, ಗಂಧಕ ಹೋಗುತ್ತದೆ. ತಾಮ್ರ ಕಪ್ಪಾಗುವುದು ನಿಲ್ಲುವವರೆಗೆ ಹಾಕಬೇಕು.

ಎಲೆ, ತರಕಾರಿಗೆ 2003ರಲ್ಲಿ ಬಂದ ಕ್ವೆಚರ್ಸ್ ವಿಧಾನ ಸಾಕು. ಅರೆದ ಮಾದರಿ 10 ಗ್ರಾಂ, ಅಸಿಟೋನೈಟ್ರೈಲ್ 10 ಮಿ.ಲೀ., ಒಂದು ನಿಮಿಷ ಜೋರಾಗಿ ಅಲುಗಾಡಿಸಿ 4 ಗ್ರಾಂ ನಿರ್ಜಲ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು. ತಕ್ಷಣ ಮತ್ತೆ ಅಲುಗಾಡಿಸಬೇಕು, ತಡವಾದರೆ ಗಟ್ಟಿಯಾಗಿ ಕಲ್ಲಾಗುತ್ತದೆ. ಟ್ಯೂಬು ಬಿಸಿಯಾಗುವುದು ಸಹಜ. ಗೇರುಬೀಜ, ಒಣ ಅಡಿಕೆಯಂಥವಕ್ಕೆ 5 ಗ್ರಾಂ ತೆಗೆದುಕೊಂಡು ಮೊದಲು 10 ಮಿ.ಲೀ. ನೀರು ಹಾಕಿ ನೆನೆಸದಿದ್ದರೆ ಒಳಗಿರುವುದು ಹೊರಗೆ ಬರುವುದಿಲ್ಲ. ಗೇರುಬೀಜದಲ್ಲಿ ಎಣ್ಣೆ ಜಾಸ್ತಿ, ಶುದ್ಧೀಕರಣಕ್ಕೆ ಪಿಎಸ್‌ಎ ಪುಡಿಯ ಜೊತೆ ಕೊಬ್ಬು ಹಿಡಿಯುವ ಸಿ-18 ಪುಡಿಯೂ ಬೇಕು.

ಮಂಜೇಶ್ವರ ಎಂಎಸ್ಸಿ

ಅಸಿಟೋನೈಟ್ರೈಲ್ ಸಾರವನ್ನು ನೇರವಾಗಿ ಜಿಸಿಗೆ ಹಾಕಿದಾಗ ಪೀಕು ಒಡೆದು ಎರಡಾಗುತ್ತದೆ ಎನ್ನುತ್ತಾರೆ. ಯಾಕೆ?

ಉಪ್ಪಳ ಕ್ವಾಡ್ರುಪೋಲ್

ಆವಿಯಾದಾಗ ಅದು ತೆಗೆದುಕೊಳ್ಳುವ ಜಾಗದಿಂದ. 250 ಡಿಗ್ರಿಯಲ್ಲಿ, ಸಾಮಾನ್ಯ ಕಾಲಂ ಒತ್ತಡದಲ್ಲಿ 1 ಮೈಕ್ರೋಲೀಟರ್ ಅಸಿಟೋನೈಟ್ರೈಲ್ ಸುಮಾರು ಅರ್ಧ ಮಿ.ಲೀ. ಆವಿಯಾಗುತ್ತದೆ. ಹೆಕ್ಸೇನಾದರೆ ಅದರ ಅರ್ಧಕ್ಕಿಂತಲೂ ಕಡಿಮೆ. ಇಂಜೆಕ್ಟರಿನ ಗಾಜಿನ ಒಳಕೊಳವೆಯಾದ ಲೈನರಿನೊಳಗಿನ ಜಾಗವೇ ಒಂದು ಮಿ.ಲೀ.ಗಿಂತ ಕಡಿಮೆ. 2 ಮೈಕ್ರೋಲೀಟರ್ ಹಾಕಿದರೆ ತುಂಬಿ ಉಕ್ಕಿ ಹಿಂದಿನ ಅನಿಲ ಕೊಳವೆಗಳಿಗೆ ಹೋಗುತ್ತದೆ. ಮುಂದಿನ ಮಾದರಿಯಲ್ಲಿ ಇಲ್ಲದ ಎಂಡೋಸಲ್ಫಾನ್ ಕಾಣುವುದಕ್ಕೆ ಇದೂ ಒಂದು ಕಾರಣ. ಅದಲ್ಲದೆ ಅಸಿಟೋನೈಟ್ರೈಲ್ ಈ ಜಾತಿಯ ಕಾಲಮಿನ ಒಳಗೋಡೆಯನ್ನು ಸಮನಾಗಿ ನೆನೆಸದೆ ಹನಿಹನಿಯಾಗಿ ನಿಲ್ಲುತ್ತದೆ, ಪೀಕು ಒಡೆಯುವುದು ಅಲ್ಲಿ. ಸಾರವನ್ನು ಟಾಲ್ಯೂಯೀನಿಗೆ ಬದಲಾಯಿಸಿಕೊಳ್ಳಿ, ಅಥವಾ 1ಕ್ಕಿಂತ ಹೆಚ್ಚು ಹಾಕಬೇಡಿ.

ಲೈನರಿನ ಕುರಿತು ಇನ್ನೂ ಒಂದು. ಕೊಳೆಯಾದ ಲೈನರಿನಲ್ಲಿ ಪದಾರ್ಥ ಒಡೆಯುತ್ತದೆ. ಪರೀಕ್ಷಿಸುವ ರೂಢಿಯ ವಿಧಾನ ಡಿಡಿಟಿ ಮತ್ತು ಎಂಡ್ರಿನ್ ಮಾತ್ರ ಇರುವ ದ್ರಾವಣ ಹಾಕಿ ನೋಡುವುದು. ಡಿಡಿಟಿ ಒಡೆದು ಡಿಡಿಇ, ಡಿಡಿಡಿ ಆದದ್ದು ಶೇ. 15 ಮೀರಿದರೆ ಲೈನರ್ ಬದಲಾಯಿಸಿ ಕಾಲಮಿನ ತುದಿಯಿಂದ ಒಂದು ಗೇಣು ಕತ್ತರಿಸಬೇಕು. ಕತ್ತರಿಸಿದ ಮೇಲೆ ಎಲ್ಲದರ ಹೊತ್ತೂ ಸ್ವಲ್ಪ ಮುಂಚೆಗೆ ಸರಿಯುತ್ತದೆ. ಅದನ್ನು ತಿದ್ದಿಕೊಳ್ಳದೆ ಹಳೆಯ ಸಮಯಕ್ಕೇ ನೋಡಿದರೆ ಪೀಕು ಕಿಟಕಿಯಿಂದ ಆಚೆ ಹೋಗಿ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ.

ಆಟಿ ತಿಂಗಳ ಮಳೆಯಲ್ಲಿ ಬರುವ ತೊಂದರೆಯನ್ನೂ ಹೇಳಿಬಿಡುತ್ತೇನೆ. ಕರೆಂಟು ಹೋಗಿ ನಿರ್ವಾತ ಮಾಡುವ ಟರ್ಬೊ ಪಂಪು ನಿಂತರೆ ಗಾಳಿಯ ಜೊತೆ ತೇವ ಒಳಗೆ ಸೇರುತ್ತದೆ. ಮತ್ತೆ ಶುರು ಮಾಡಿದ ಕೂಡಲೇ ಮಾದರಿ ಹಾಕಬಾರದು. ಮೊದಲು 18, 28, 32, 40, 44 ನೋಡಿ. 18 ಮಾತ್ರ ಎತ್ತರ ಇದ್ದರೆ ನೀರಿನ ತೇವ, ಮೂಲವನ್ನು ಬಿಸಿ ಇಟ್ಟು ಒಂದು ರಾತ್ರಿ ಪಂಪ್ ಮಾಡಿದರೆ ಇಳಿಯುತ್ತದೆ. 28 ಮತ್ತು 32 ಸುಮಾರು 4 : 1ರಲ್ಲಿ ಒಟ್ಟಿಗೆ ನಿಂತಿದ್ದರೆ ಅದು ಹೊರಗಿನ ಗಾಳಿ, ಎಲ್ಲೋ ಸೋರುತ್ತಿದೆ. ಟ್ಯೂನಿಂಗ್ ಪದಾರ್ಥವಾದ ಪರ್ಫ್ಲೋರೋಟ್ರೈಬ್ಯೂಟೈಲಮೀನಿನ 69ಕ್ಕೆ ಹೋಲಿಸಿದಾಗ 28 ಶೇ. 10ರೊಳಗೆ ಇರಬೇಕು. ಸೋರುವ ಜಾಗ ಹುಡುಕಲು 40ರ ಮೇಲೆ ಕಣ್ಣಿಟ್ಟು ಒಂದೊಂದು ನಟ್ಟಿನ ಬಳಿ ಆರ್ಗಾನ್ ಬಿಡಿ, ಜಿಗಿದ ಕಡೆ ಸೋರಿಕೆ. ಹೆಚ್ಚಾಗಿ ಅದು ಕಾಲಂ ಮೂಲಕ್ಕೆ ಸೇರುವ ನಟ್ಟು: ಒಳಗಿನ ಫೆರೂಲ್ ಒಲೆ ಬಿಸಿಯಾಗಿ ತಣ್ಣಗಾಗಿ ಕುಗ್ಗಿರುತ್ತದೆ, ಕಾಲು ಸುತ್ತು ಬಿಗಿದರೆ ಸಾಕು. ಜಾಸ್ತಿ ಬಿಗಿದರೆ ಕಾಲಮ್ಮೇ ತುಂಡಾಗುತ್ತದೆ. ರೋಟರಿ ಪಂಪಿನ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಅದು ನೀರು ಕುಡಿದಿದೆ. ಗ್ಯಾಸ್ ಬ್ಯಾಲಸ್ಟ್ ತೆರೆದು ಓಡಿಸಿ, ತಿಳಿಯಾಗದಿದ್ದರೆ ಎಣ್ಣೆ ಬದಲಾಯಿಸಿ.

207, 281 ಕಂಡರೆ ಕಾಲಮಿನದೋ ಸೆಪ್ಟಮಿನದೋ (ಇಂಜೆಕ್ಟರಿನ ರಬ್ಬರ್ ಮುಚ್ಚಳ) ಸಿಲಿಕೋನ್. 149 ಪ್ಲಾಸ್ಟಿಕ್ಕಿನ ಥಾಲೇಟ್. ಈ ಮೂರು ಸಂಖ್ಯೆಗಳನ್ನು ಗೋಡೆಗೆ ಬರೆದು ಅಂಟಿಸಬಹುದು.

ಬದಿಯಡ್ಕ ಅಡಿಕೆ

ಬೇರೆ ಒಂದು ಪ್ರಶ್ನೆ. ಕೊಳೆರೋಗಕ್ಕೆ ವರ್ಷ ವರ್ಷ ಬೋರ್ಡೋ ಬಿಡುತ್ತೇವೆ, 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ತೋಟದ ಮಣ್ಣಿನಲ್ಲಿ ತಾಮ್ರ ಎಷ್ಟು ಸೇರಿದೆ ಎಂದು ಇದೇ ಯಂತ್ರದಲ್ಲಿ ತಿಳಿಯಬಹುದೇ? ಕಡಲ ಹತ್ತಿರದ ಸಂಬಂಧಿಕರ ಬಾವಿನೀರಿನ ವರದಿಯಲ್ಲಿ ಆರ್ಸೆನಿಕ್ ಸಹ ಬಂದಿದೆ ಎಂದು ಗಾಬರಿಯಾಗಿದ್ದಾರೆ.

ಕುಂಬಳೆ ಕಡಲತಡಿ

ಅಣ್ಣಾ, ಯಂತ್ರ ಬೇರೆ, ತತ್ತ್ವ ಒಂದೇ. ಲೋಹಕ್ಕೆ ಐಸಿಪಿ-ಎಂಎಸ್, ಅಂದರೆ ಪ್ಲಾಸ್ಮಾದಿಂದ ಅಯಾನು ಮಾಡುವ ಮಾಸ್ ಸ್ಪೆಕ್ಟ್ರೋಮೀಟರ್. ಅಲ್ಲಿ ಆರ್ಗಾನಿನ ಪ್ಲಾಸ್ಮಾ ಸಾವಿರಾರು ಡಿಗ್ರಿ ಬಿಸಿ ಇರುತ್ತದೆ. ಅಣು ಎಂಬುದೇ ಉಳಿಯದೆ ಪರಮಾಣುಗಳ ಅಯಾನಾಗುತ್ತದೆ. ತಾಮ್ರಕ್ಕೆ 63 ಮತ್ತು 65, ಸುಮಾರು 69 : 31.

ಕಡಲ ಹತ್ತಿರದ ಬಾವಿಯ ವಿಷಯ ಮೊದಲು ಹೇಳುತ್ತೇನೆ, ಗಾಬರಿ ಅದರದ್ದೇ. ಆರ್ಸೆನಿಕ್‌ಗೆ ಇರುವುದು ಒಂದೇ ಐಸೋಟೋಪ್, 75. ಪ್ಲಾಸ್ಮಾದ ಆರ್ಗಾನ್ 40 ಮತ್ತು ಉಪ್ಪುನೀರಿನ ಕ್ಲೋರಿನ್ 35 ಜೊತೆ ಸೇರಿದರೆ ಅದೂ 75. ಉಪ್ಪು ನುಗ್ಗಿದ ಬಾವಿಯಲ್ಲಿ ಕ್ಲೋರೈಡ್ ಹೆಚ್ಚಾದಷ್ಟೂ ಇಲ್ಲದ ಆರ್ಸೆನಿಕ್ ಹೆಚ್ಚಾಗಿ ಕಾಣುತ್ತದೆ. ಕ್ಲೋರಿನ್ 37 ಜೊತೆ ಸೇರಿದ್ದು 77ರಲ್ಲಿ ನಿಲ್ಲುತ್ತದೆ. 77 ಕೂಡ ಎದ್ದಿದ್ದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ, ಸೆಲೆನಿಯಮ್ಮಿಗೂ 77 ಇದೆ ಎಂಬುದು ನೆನಪಿರಲಿ. ಪರಿಹಾರ ಯಂತ್ರದಲ್ಲೇ ಇದೆ: ಡಿಕ್ಕಿ ಕೋಶಕ್ಕೆ ಹೀಲಿಯಂ ಬಿಟ್ಟರೆ ಗಾತ್ರದಲ್ಲಿ ದೊಡ್ಡದಾದ ಆರ್ಗಾನ್-ಕ್ಲೋರಿನ್ ಜೋಡಿ ಹೆಚ್ಚು ಸಲ ಡಿಕ್ಕಿಯಾಗಿ ಶಕ್ತಿ ಕಳೆದುಕೊಂಡು ಹಿಂದುಳಿಯುತ್ತದೆ, ಒಂಟಿ ಆರ್ಸೆನಿಕ್ ದಾಟುತ್ತದೆ. ವರದಿ ಕೊಟ್ಟವರಲ್ಲಿ ಎರಡೇ ಮಾತು ಕೇಳಲಿ: ಹೀಲಿಯಂ ಕೋಶ ಬಳಸಿದಿರಾ? ಆ ನೀರಿನಲ್ಲಿ ಕ್ಲೋರೈಡ್ ಎಷ್ಟು? ಉತ್ತರ ಬರುವವರೆಗೆ ಆ ನೀರು ಕುಡಿಯದೆ ಇರುವುದೇ ಸರಿ.

ತಾಮ್ರಕ್ಕೂ ಹೀಗೆಯೇ. ಆರ್ಗಾನ್ 40, ಉಪ್ಪಿನ ಸೋಡಿಯಂ 23, ಒಟ್ಟು 63. ಆದ್ದರಿಂದ 63 ಮತ್ತು 65 ಎರಡರಿಂದಲೂ ಲೆಕ್ಕ ಹಾಕಿ ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ನೋಡಬೇಕು.

ನಿಮ್ಮ ಮಣ್ಣಿಗೆ: ಒಣಗಿಸಿ ಜರಡಿ ಹಿಡಿದ 0.5 ಗ್ರಾಂ, 10 ಮಿ.ಲೀ. ನೈಟ್ರಿಕ್ ಆಮ್ಲ, ಮುಚ್ಚಿದ ಪಾತ್ರೆಯಲ್ಲಿ ಮೈಕ್ರೋವೇವ್ ಮಾಡಿ 175 ಡಿಗ್ರಿ. ಹೈಡ್ರೋಕ್ಲೋರಿಕ್ ಆಮ್ಲ ಸೇರಿಸುವ ಪದ್ಧತಿಯೂ ಇದೆ. ಆದರೆ ಆರ್ಸೆನಿಕ್ ಸಹ ನೋಡಬೇಕಾದರೆ ಅದನ್ನು ಬಿಡುವುದು ಒಳ್ಳೆಯದು, ಕ್ಲೋರಿನ್ನನ್ನು ನಾವೇ ತಂದು ಹಾಕಿದ ಹಾಗಾಗುತ್ತದೆ. 50 ಮಿ.ಲೀ.ಗೆ ಏರಿಸಿ, ಮತ್ತೆ ಹತ್ತು ಪಟ್ಟು ತೆಳು ಮಾಡಿದರೆ ಆಮ್ಲ ಶೇ. 2ಕ್ಕೆ ಇಳಿಯುತ್ತದೆ. ಕರಗಿದ ಲವಣ ಶೇ. 0.2 ಮೀರಿದರೆ ಪ್ಲಾಸ್ಮಾದ ಎದುರಿನ ಕೋನುಗಳ ತೂತು ಕಟ್ಟಿಕೊಂಡು ಸಿಗ್ನಲ್ ಗಂಟೆಯಿಂದ ಗಂಟೆಗೆ ಇಳಿಯುತ್ತದೆ. ಮಾದರಿ ತೆಗೆಯುವಾಗ ಮರದ ಬುಡದಿಂದಲೂ ಎರಡು ಸಾಲಿನ ನಡುವಿನಿಂದಲೂ ಬೇರೆಬೇರೆಯಾಗಿ, ಮೇಲಿನ 15 ಸೆಂ.ಮೀ. ತೆಗೆಯಿರಿ. ಬೋರ್ಡೋ ಮರದಿಂದ ತೊಟ್ಟಿಕ್ಕುವುದು ಬುಡಕ್ಕೆ. ತುಕ್ಕು ಹಿಡಿದ ಹಾರೆಯನ್ನಾಗಲಿ ಹಿತ್ತಾಳೆಯ ಪಾತ್ರೆಯನ್ನಾಗಲಿ ಬಳಸಬೇಡಿ.

ನೀರ್ಚಾಲು ಟೀಚರ್

ಎಲ್ಲರಿಗೂ ತುಂಬ ಉಪಕಾರವಾಯಿತು. ಎಂಡೋಸಲ್ಫಾನಿನ ಲೆಕ್ಕ ಹಲಗೆಗೆ ಆಯಿತು. ಮಕ್ಕಳು ಹತ್ತಿರದ ಒಂದು ಲ್ಯಾಬಿಗೆ ಹೋಗುವವರಿದ್ದಾರೆ. ವಿಷವಲ್ಲದ, ಅವರೇ ತಯಾರಿಸಿ ಯಂತ್ರಕ್ಕೆ ಕೊಡಬಹುದಾದ ಮಾದರಿ ಯಾವುದು?

ಪೆರ್ಲ ಮುರಕಲ್ಲು

ತೆಂಗಿನೆಣ್ಣೆ ಟೀಚರೇ. ಮನೆಯಿಂದಲೇ ತರಲಿ.

0.1 ಗ್ರಾಂ ಎಣ್ಣೆ, 2 ಮಿ.ಲೀ. ಹೆಪ್ಟೇನ್, ಅದಕ್ಕೆ ಮೆಥನಾಲಿನಲ್ಲಿ ಕರಗಿಸಿದ 2 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 0.2 ಮಿ.ಲೀ. ಮುಚ್ಚಿ ಅರ್ಧ ನಿಮಿಷ ಜೋರಾಗಿ ಅಲುಗಾಡಿಸಿ ಬಿಟ್ಟರೆ ಗ್ಲಿಸರಾಲ್ ಕೆಳಗೆ ಇಳಿಯುತ್ತದೆ, ಮೇಲಿನ ತಿಳಿಯಲ್ಲಿ ಕೊಬ್ಬಿನ ಆಮ್ಲಗಳ ಮೀಥೈಲ್ ಎಸ್ಟರುಗಳು. ಅದನ್ನು ನೂರು ಪಟ್ಟು ತೆಳು ಮಾಡಿ 1 ಮೈಕ್ರೋಲೀಟರ್, ಸ್ವಲ್ಪ ಭಾಗ ಮಾತ್ರ ಕಾಲಮಿಗೆ ಹೋಗುವ ಸ್ಪ್ಲಿಟ್‌ನಲ್ಲಿ ಹಾಕಬೇಕು. ಕ್ಷಾರದ ದ್ರಾವಣ ಮತ್ತು ಹೆಪ್ಟೇನನ್ನು ಕನ್ನಡಕ, ಕೈಗವಸು ಹಾಕಿಕೊಂಡೇ ಮುಟ್ಟಬೇಕು.

ಎಲ್ಲಕ್ಕಿಂತ ದೊಡ್ಡ ಪೀಕು ಲಾರಿಕ್ ಆಮ್ಲದ್ದು, ಎಣ್ಣೆಯ ಅರ್ಧದ ಹತ್ತಿರ ಅದೇ ಇರುತ್ತದೆ. ಮೀಥೈಲ್ ಲಾರೇಟಿನ ತೂಕ 214, ಆ ಪೀಕು ಗಿಡ್ಡ. 183 ಎಂದರೆ 31 ಹೋಗಿದೆ, ಮೆಥಾಕ್ಸಿ ಗುಂಪು. 87 ಇನ್ನೊಂದು. ಎಲ್ಲಕ್ಕಿಂತ ಎತ್ತರ 74. 214 ಸಮಸಂಖ್ಯೆ, ಒಂದು ಬಂಧ ಮಾತ್ರ ಮುರಿದು ಬಂದ 183, 87 ಬೆಸಸಂಖ್ಯೆ, ಹಾಗಾದರೆ 74 ಮತ್ತೆ ಸಮವಾದದ್ದು ಹೇಗೆ ಎಂದು ಮಕ್ಕಳಲ್ಲಿ ಕೇಳಿ. ಸರಪಳಿಯ ಮೇಲಿನ ಒಂದು ಹೈಡ್ರೋಜನ್ ಆರು ಪರಮಾಣುಗಳ ಉಂಗುರದಂತೆ ಬಾಗಿ ಬಂದು ಆಮ್ಲಜನಕಕ್ಕೆ ಕೂತುಕೊಳ್ಳುತ್ತದೆ, ಆಮೇಲೆ ಬಂಧ ಮುರಿಯುತ್ತದೆ. ಮ್ಯಾಕ್‌ಲಾಫರ್ಟಿ ಮರುಜೋಡಣೆ ಎಂದರೆ ಇದು. ಲಾರಿಕ್, ಮಿರಿಸ್ಟಿಕ್, ಪಾಮಿಟಿಕ್ ಎಲ್ಲವೂ 74 ಕೊಡುತ್ತವೆ. 74 ನೋಡಿ ಯಾವ ಆಮ್ಲ ಎಂದು ಹೇಳಲಾಗದು, 214, 242, 270 ನೋಡಿಯೇ ಹೇಳಬೇಕು. 272ರ ಪಾಠವೇ ಇಲ್ಲೂ ಬಂತು.

ಹಳಸಲು ಎಣ್ಣೆ ತರುವುದು ಬೇಡ. ಅದರಲ್ಲಿ ಬಿಡಿ ಕೊಬ್ಬಿನ ಆಮ್ಲ ಹೆಚ್ಚಿರುತ್ತದೆ, ಕ್ಷಾರದ ವಿಧಾನದಲ್ಲಿ ಅದು ಎಸ್ಟರ್ ಆಗದೆ ಸಾಬೂನಾಗಿ ಪದರಗಳು ಕಲಸಿಹೋಗುತ್ತವೆ.

ಬೋವಿಕ್ಕಾನ ಬಾವಿನೀರು

ಲ್ಯಾಬಿಗೆ ಹೋದಾಗ ಮಕ್ಕಳು ಒಂದು ಎಂಡೋಸಲ್ಫಾನ್ ವರದಿಯ ಕಚ್ಚಾ ದಾಖಲೆ ನೋಡಲು ಕೇಳಲಿ. ಸ್ಟ್ಯಾಂಡರ್ಡಿನ ಸಮಯಕ್ಕೂ ಮಾದರಿಯ ಸಮಯಕ್ಕೂ 0.1 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಯಾನುಗಳ ಅನುಪಾತ ಸ್ಟ್ಯಾಂಡರ್ಡಿನದರಿಂದ ಶೇ. 30ರೊಳಗೆ ಇರಬೇಕು. ಗೊತ್ತಿದ್ದಷ್ಟು ಸೇರಿಸಿ ನೋಡಿದ ಮಾದರಿಯಿಂದ ಶೇ. 70ರಿಂದ 120 ಮರಳಿ ಸಿಕ್ಕಿರಬೇಕು. ಸ್ಟ್ಯಾಂಡರ್ಡನ್ನು ಶುದ್ಧ ದ್ರಾವಕದಲ್ಲಿ ಮಾಡಿದ್ದೋ, ಎಂಡೋಸಲ್ಫಾನ್ ಇಲ್ಲದ ಅದೇ ಜಾತಿಯ ಮಣ್ಣಿನ ಸಾರದಲ್ಲಿ ಮಾಡಿದ್ದೋ ಎಂದೂ ಕೇಳಲಿ. ಮಣ್ಣಿನ ಸಾರದ ಇತರ ಪದಾರ್ಥಗಳು ಲೈನರಿನ ಸಕ್ರಿಯ ಜಾಗಗಳನ್ನು ಮುಚ್ಚುವುದರಿಂದ ಮಾದರಿಯ ಎಂಡೋಸಲ್ಫಾನ್ ಹೆಚ್ಚು ಉಳಿದು ಬರುತ್ತದೆ. ಶುದ್ಧ ದ್ರಾವಕದ ಸ್ಟ್ಯಾಂಡರ್ಡಿಗೆ ಹೋಲಿಸಿದರೆ ಉತ್ತರ ಇರುವುದಕ್ಕಿಂತ ಜಾಸ್ತಿಯಾಗುತ್ತದೆ.

ಆಮೇಲೆ ಖಾಲಿ ಮಾದರಿಯ (ಎಂಡೋಸಲ್ಫಾನ್ ಇಲ್ಲದೆ ಓಡಿಸಿದ್ದು) ಕ್ರೊಮ್ಯಾಟೋಗ್ರಾಂ, ಅಂದರೆ ಹೊತ್ತಿನ ಪ್ರಕಾರ ಪೀಕುಗಳ ಚಿತ್ರ. ಅದು ದಾಖಲೆಯಲ್ಲಿ ಯಾವ ಕ್ರಮದಲ್ಲಿದೆ ಎಂದು ನೋಡಲಿ. ಅತ್ಯಂತ ಗಟ್ಟಿ ಸ್ಟ್ಯಾಂಡರ್ಡ್ ಓಡಿಸಿದ ಕೂಡಲೇ, ಮೊದಲ ಮಾದರಿಗಿಂತ ಮುಂಚೆ ಒಂದು ಖಾಲಿ ಇರಬೇಕು, ಆ ಖಾಲಿಯಲ್ಲಿ 272ರ ಹೊತ್ತಿಗೆ ಗೆರೆ ಚಪ್ಪಟೆ ಇರಬೇಕು.